ಅರಿಸಿನದಲ್ಲಿ ಇರುವುದೇನು?

ಮದುವೆಯ ಮನೆಯಲ್ಲಿ ಮದುಮಕ್ಕಳು ಹೊಸ್ತಿಲು ದಾಟುವ ಮುನ್ನ ಮುತ್ತೈದೆಯರು ಆರತಿಯೆತ್ತುವುದನ್ನು ನಾವೆಲ್ಲರೂ ನೋಡಿದ್ದೇವೆ. ತಟ್ಟೆಯಲ್ಲಿರುವ ನೀರು ಕೆಂಪು. ಆ ಕೆಂಪು ಬಂದದ್ದೆಲ್ಲಿಂದ? ಅಡಿಗೆಯ ಮನೆಯ ಅರಿಸಿನ ಹಳದಿ. ಎಲೆ ಅಡಿಕೆಯ ತಟ್ಟೆಯ ಸುಣ್ಣ ಬಿಳುಪು. ಇವೆರಡೂ ನೀರಿನಲ್ಲಿ ಕೂಡಿದೊಡನೆ ರಕ್ತದಂತಹ ಬಣ್ಣ ಹುಟ್ಟುತ್ತದೆ. ಆ ನೀರಿಗೆ ನಿಂಬೆಯ ರಸವನ್ನು ಹಿಂಡಿ ನೋಡಿರಿ. ಕೆಂಪು ಮಾಯವಾಗಿ ಹಳದಿ ಮರಳಿ ಬರುತ್ತದೆ. ಸಾರಿನ ಕಲೆ ಬಿದ್ದ ಬಿಳಿಯ ಪಂಚೆಗೆ ಸಾಬೂನು ಹಚ್ಚಿದಾಗ ಕಲೆ ಕೆಂಪಗಾಗುವುದೂ, ಅದನ್ನು ಬಿಸಿಲಿಗೆ ಹರವಿದರೆ ಮೆಲ್ಲಮೆಲ್ಲನೆ ಮಾಸಿಹೋಗುವುದೂ ಗೃಹಿಣಿಯರು ಬಲ್ಲ ಸಂಗತಿಯೇ.

ನಮ್ಮ ಅಜ್ಜಿಯರು ಇದನ್ನು ಶಾಸ್ತ್ರವೆಂದು ಮಾಡಿದರು. ರಸಾಯನಶಾಸ್ತ್ರಜ್ಞನು ಇದನ್ನೇ ಪರೀಕ್ಷೆಯೆಂದು ಕರೆಯುತ್ತಾನೆ. ಕ್ಷಾರದಲ್ಲಿ ಕೆಂಪಾಗಿ, ಆಮ್ಲದಲ್ಲಿ ಹಳದಿಯಾಗಿ, ಬೆಳಕಿನಲ್ಲಿ ಕರಗಿಹೋಗುವ ಆ ವಸ್ತು ಒಂದೇ. ಅದರ ಹೆಸರು ಕರ್ಕ್ಯುಮಿನ್. ಇಂದು ಔಷಧದ ಅಂಗಡಿಗಳಲ್ಲಿ ಗುಳಿಗೆಯ ರೂಪದಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿರುವ ‘ಉತ್ಕರ್ಷಣ ನಿರೋಧಕ’ ವಸ್ತುಗಳಲ್ಲಿ ಇದೂ ಒಂದು. ಗಿಡಮೂಲಿಕೆಯ ಒಡಲಿನಿಂದ ಇಂತಹ ವಸ್ತುವನ್ನು ಹುಡುಕಿ ತೆಗೆಯುವುದು ಹೇಗೆ? ಹುಡುಕಿದ ಮೇಲೆ ಅದರ ಬಗ್ಗೆ ನಾವು ಎಷ್ಟನ್ನು ನಂಬಬಹುದು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ನಾಗನೂರಿನ ಸೀಮೆ

ಬೆಳಗಾವಿ ಜಿಲ್ಲೆಯಲ್ಲಿ ನಾಗನೂರ ಎಂಬ ಹೆಸರಿನ ಊರು ಒಂದಲ್ಲ. ಹುಕ್ಕೇರಿಯ ಕಡೆಗೂ ನಾಗನೂರ ಉಂಟು. ಮೊದಲು ಗೋಕಾಕಕ್ಕೆ ಸೇರಿದ್ದು ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ನಾಗನೂರವೂ ಉಂಟು. ಇವೆರಡೂ ಘಟಪ್ರಭೆಯ ಸೀಮೆಯ ಊರುಗಳೇ. ಗೋಕಾಕದ ಹೆಸರನ್ನು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಜಲಪಾತ ಮತ್ತು ಕರದಂಟು. ಆದರೆ ಈ ಸೀಮೆಯ ಒಕ್ಕಲಿಗನಿಗೆ ಬದುಕು ಕೊಡುವುದು ಕಬ್ಬು, ಗೋವಿನಜೋಳ ಮತ್ತು ಅರಿಸಿನ.

ಅರಿಸಿನವು ಅವಸರದ ಬೆಳೆಯಲ್ಲ. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ನೆಟ್ಟ ಗಡ್ಡೆ ಎಂಟು ಒಂಬತ್ತು ತಿಂಗಳು ನೆಲದಲ್ಲಿರುತ್ತದೆ. ಎಲೆ ಒಣಗಿ ನೆಲಕ್ಕೊರಗಿದ ಮೇಲೆ ಅಗೆದು ತೆಗೆದು, ಮಣ್ಣು ಕಳೆದು, ನೀರಿನಲ್ಲಿ ಅಥವಾ ಹಬೆಯಲ್ಲಿ ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿ, ಉರುಳೆಯಲ್ಲಿ ತಿರುಗಿಸಿ ಹೊಳಪು ಕೊಡಬೇಕು. ನೂರು ಕಿಲೋ ಹಸಿಯ ಗಡ್ಡೆ ಒಣಗಿದಾಗ ಉಳಿಯುವುದು ಸುಮಾರು ಇಪ್ಪತ್ತು ಕಿಲೋ ಮಾತ್ರ. ಅದನ್ನು ಚೀಲಕ್ಕೆ ತುಂಬಿ ಗಡಿಯಾಚೆಯ ಸಾಂಗಲಿಯ ಪೇಟೆಗೆ ಒಯ್ಯುವುದು ಈ ಕಡೆಯ ಹಳೆಯ ರೂಢಿ. ಸಾಂಗಲಿಯ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು.

ಆ ಸೀಮೆಯ ಹಿರಿಯ ಒಕ್ಕಲಿಗರೊಬ್ಬರೊಡನೆ ಕಣದ ಬದಿಯಲ್ಲಿ ಕುಳಿತು ಮಾತನಾಡುತ್ತಿದ್ದಾಗ ಅವರು ನಕ್ಕು ಕೇಳಿದ ಮಾತು ಇನ್ನೂ ನೆನಪಿನಲ್ಲಿದೆ.

“ನಮ್ಮ ಮುತ್ಯಾನ ಕಾಲದಿಂದ ಇದನ್ನ ಹಚ್ಚಿಗೋತ, ತಿನ್ನಕೋತ ಬಂದೀವ್ರೀ. ಗಾಯಾದ್ರ ಅರಿಷಿಣ, ನೆಗಡಿ ಬಂದ್ರ ಅರಿಷಿಣ. ಈಗ ಅದರಾಗ ಏನೈತಿ ಅಂತ ನೋಡಾಕ ಯಂತ್ರ ಬೇಕಾತೇನ್ರೀ?”

“ಬೇಕಲ್ಲವೇ, ಯಜಮಾನರೆ? ಪೇಟೆಯಲ್ಲಿ ದರವನ್ನು ಹೇಗೆ ಕಟ್ಟುತ್ತಾರೆ?” ಎಂದೆ.

“ಕೊಂಬ ಮುರದು ಬಣ್ಣ ನೋಡ್ತಾರ್ರೀ. ಒಳಗಿಂದು ಯಾರಿಗೆ ಕಾಣಸ್ತೈತಿ?”

ಅವರ ಮಾತಿನಲ್ಲಿಯೇ ಉತ್ತರವಿದ್ದಿತು. ಕಣ್ಣಿಗೆ ಕಾಣುವುದು ಬಣ್ಣ ಮಾತ್ರ. ಬಣ್ಣವನ್ನು ಹೊರಗಿನಿಂದಲೂ ಬಳಿಯಬಹುದು. ಒಳಗಿರುವುದನ್ನು ಕಾಣಿಸುವುದೇ ರಾಸಾಯನಿಕ ವಿಶ್ಲೇಷಣೆಯ ಕೆಲಸ.

ಉತ್ಕರ್ಷಣವೆಂದರೇನು?

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಡಬ್ಬಿಯಲ್ಲಿ ಬಹಳ ದಿನ ಮರೆತ ಕೊಬ್ಬರಿ ಕಮಟಾಗುತ್ತದೆ. ಈ ಮೂರೂ ಆಮ್ಲಜನಕದ ಕೆಲಸಗಳು. ನಮಗೆ ಉಸಿರು ಕೊಡುವ ಅದೇ ಅನಿಲ ಇತರ ವಸ್ತುಗಳನ್ನು ನಿಧಾನವಾಗಿ ಸುಡುತ್ತಲೂ ಇರುತ್ತದೆ. ಇದಕ್ಕೆ ಉತ್ಕರ್ಷಣವೆಂದು ಹೆಸರು.

ನಮ್ಮ ದೇಹದಲ್ಲಿಯೂ ಇದು ಕ್ಷಣಕ್ಷಣಕ್ಕೂ ನಡೆಯುತ್ತದೆ. ಅನ್ನದಿಂದ ಶಕ್ತಿಯನ್ನು ಪಡೆಯುವಾಗ ಕೆಲವು ಅಣುಗಳು ತಮ್ಮ ಜೋಡಿ ಎಲೆಕ್ಟ್ರಾನುಗಳಲ್ಲಿ ಒಂದನ್ನು ಕಳೆದುಕೊಂಡು ಒಂಟಿಯಾಗುತ್ತವೆ. ಜೊತೆ ತಪ್ಪಿದ ಎತ್ತು ಕಂಡ ಕಂಡ ಹೊಲಕ್ಕೆ ನುಗ್ಗುವಂತೆ ಇವು ಪಕ್ಕದ ಅಣುವಿನಿಂದ ಎಲೆಕ್ಟ್ರಾನನ್ನು ಕಸಿಯುತ್ತವೆ. ಕಳೆದುಕೊಂಡದ್ದು ಮತ್ತೊಂದರ ಮೇಲೆ ಬೀಳುತ್ತದೆ; ಹೀಗೆ ಸರಪಳಿ ಬೆಳೆಯುತ್ತದೆ. ಇಂತಹ ಅಲೆಮಾರಿ ಅಣುವಿಗೆ ತನ್ನ ಜಲಜನಕದ ಒಂದು ಪರಮಾಣುವನ್ನು ಕೊಟ್ಟು ಅದನ್ನು ಶಾಂತಗೊಳಿಸಿ, ಕೊಟ್ಟ ಮೇಲೆಯೂ ತಾನು ನೆಮ್ಮದಿಯಿಂದ ಇರಬಲ್ಲ ವಸ್ತುವೇ ಉತ್ಕರ್ಷಣ ನಿರೋಧಕ. ನೆಲ್ಲಿಯ ಒಗರಿನಲ್ಲಿ, ದಾಳಿಂಬೆಯ ಸಿಪ್ಪೆಯಲ್ಲಿ, ತುಲಸಿಯಲ್ಲಿ, ಕರಿಬೇವಿನಲ್ಲಿ, ಚಹದ ಎಲೆಯಲ್ಲಿ ಇಂತಹ ವಸ್ತುಗಳು ಬಗೆಬಗೆಯಾಗಿವೆ. ನಡೆದಾಡಲಾಗದೆ ದಿನವೆಲ್ಲ ಬಿಸಿಲಿನಲ್ಲಿ ನಿಲ್ಲುವ ಗಿಡಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳಲು ಇವು ಬೇಕೇ ಬೇಕು.

ಎರಡು ನೂರು ವರ್ಷಗಳ ಹುಡುಕಾಟ

ಅರಿಸಿನದ ಹಳದಿಯನ್ನು ಮೊದಲು ಬೇರ್ಪಡಿಸಿದವರು ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದ ಫೋಗೆಲ್ ಮತ್ತು ಪೆಲೆಟಿಯೆ. ಅದು 1815ನೆಯ ಇಸವಿ. ಇದೇ ಪೆಲೆಟಿಯೆ 1820ರಲ್ಲಿ ಕಾವಂತೂ ಎಂಬ ಗೆಳೆಯನೊಡನೆ ಮಲೇರಿಯದ ಔಷಧವಾದ ಕ್ವಿನೈನನ್ನು ಸಿಂಕೋನ ತೊಗಟೆಯಿಂದ ಬೇರ್ಪಡಿಸಿ ಲೋಕಪ್ರಸಿದ್ಧನಾದನು. ಆದರೆ ಅರಿಸಿನದಿಂದ ಅವರಿಗೆ ದೊರೆತದ್ದು ಶುದ್ಧವಸ್ತುವಲ್ಲ. ರಾಳವೂ ಎಣ್ಣೆಯೂ ಬೆರೆತ ಹಳದಿಯ ಮುದ್ದೆ. ಅದು ಹರಳಿನ ರೂಪದಲ್ಲಿ ಕೈಗೆ ಸಿಕ್ಕಲು 1870ರವರೆಗೆ ಕಾಯಬೇಕಾಯಿತು. ಅಣುವಿನ ರಚನೆಯನ್ನು ಪೋಲೆಂಡಿನ ರಸಾಯನಶಾಸ್ತ್ರಜ್ಞರಾದ ಮಿಲೊಬೆಂಜ್ಕಾ, ಕೊಸ್ತಾನೆಟ್ಸ್ಕಿ ಮತ್ತು ಲಾಂಪೆ 1910ರಲ್ಲಿ ತಿಳಿಸಿದರು. 1913ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಲಾಯಿತು. ಅರಿಸಿನದ ಹೊಲವನ್ನು ಕಾಣದ ನಾಡಿನಲ್ಲಿ ಅರಿಸಿನದ ಜೀವಾಳ ಸಿದ್ಧವಾಯಿತು!

ಅಲ್ಲಿಗೂ ಕಥೆ ಮುಗಿಯಲಿಲ್ಲ. ಹಳದಿ ಒಂದೇ ವಸ್ತುವೆಂದು ಎಲ್ಲರೂ ತಿಳಿದಿದ್ದರಷ್ಟೆ. 1953ರಲ್ಲಿ ಕೆ. ಆರ್. ಶ್ರೀನಿವಾಸನ್ ಎಂಬ ವಿಜ್ಞಾನಿ ವರ್ಣಲೇಖನದ ಕ್ರಮದಿಂದ ಅದನ್ನು ಬಿಡಿಸಿ, ಅದರಲ್ಲಿ ಒಂದರ ತಂಗಿಯಂತೆ ಮತ್ತೊಂದಿರುವ ಮೂರು ವಸ್ತುಗಳಿವೆಯೆಂದು ತೋರಿಸಿದರು. ಮೂವರಲ್ಲಿ ಹಿರಿಯಳು ಕರ್ಕ್ಯುಮಿನ್. ಉಳಿದ ಇಬ್ಬರಿಗೆ ಅಣುವಿನ ಅಂಚಿನಲ್ಲಿರುವ ಮೆಥಾಕ್ಸಿ ಎಂಬ ಚಿಕ್ಕ ಗುಂಪು ಕ್ರಮವಾಗಿ ಒಂದು ಮತ್ತು ಎರಡು ಕಡಿಮೆ. 1976ರಲ್ಲಿ ಓ. ಪಿ. ಶರ್ಮ ಎಂಬವರು ಕರ್ಕ್ಯುಮಿನ್‌ಗೆ ಉತ್ಕರ್ಷಣವನ್ನು ತಡೆಯುವ ಗುಣವಿದೆಯೆಂದು ಪ್ರಕಟಿಸಿದರು. ಆಮೇಲೆ ಜಗತ್ತಿನ ಮೂಲೆಮೂಲೆಯ ಪ್ರಯೋಗಶಾಲೆಗಳು ಈ ಹಳದಿಯ ಬೆನ್ನು ಹತ್ತಿದವು.

ಪ್ರಯೋಗಶಾಲೆಯಲ್ಲಿ ನಡೆಯುವುದೇನು?

ಈಗ ನಾಗನೂರಿನ ಕಣದಿಂದ ಒಂದು ಹಿಡಿ ಒಣಗಿದ ಕೊಂಬನ್ನು ಪ್ರಯೋಗಶಾಲೆಗೆ ಒಯ್ದೆವೆಂದು ಭಾವಿಸೋಣ.

ಮೊದಲನೆಯ ಕೆಲಸ ಪುಡಿ ಮಾಡುವುದು. ಅದರಲ್ಲಿ ಉಳಿದಿರುವ ತೇವವೆಷ್ಟೆಂದು ತೂಗಿ ನೋಡುತ್ತಾರೆ. ತೇವವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಎರಡನೆಯದು ಕಷಾಯ ತೆಗೆಯುವುದು. ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಮದ್ಯಸಾರ ಅಥವಾ ಅಸಿಟೋನಿನಲ್ಲಿ ಚೆನ್ನಾಗಿ ಕರಗುತ್ತದೆ. ಆದುದರಿಂದ ಪುಡಿಯನ್ನು ಕಾಗದದ ಚೀಲದಲ್ಲಿಟ್ಟು, ಬಿಸಿಯ ದ್ರಾವಕವು ಆವಿಯಾಗಿ ಮೇಲೇರಿ, ತಣಿದು ಹನಿಹನಿಯಾಗಿ ಪುಡಿಯ ಮೇಲೆ ಬಿದ್ದು, ಬಣ್ಣವನ್ನು ಹೀರಿ ಮತ್ತೆ ಕೆಳಗಿಳಿಯುವಂತೆ ಮಾಡುತ್ತಾರೆ. ಇದಕ್ಕಾಗಿ ಬಳಸುವ ಗಾಜಿನ ಸಲಕರಣೆಯನ್ನು ಜರ್ಮನಿಯ ಸಾಕ್ಸ್‌ಲೆಟ್ ಎಂಬವನು 1879ರಲ್ಲಿ ಹಾಲಿನ ಕೊಬ್ಬನ್ನು ಅಳೆಯಲು ರೂಪಿಸಿದನು. ಪುಡಿಯ ಬಣ್ಣ ಪೂರ್ಣವಾಗಿ ಇಳಿಯುವವರೆಗೆ ಗಂಟೆಗಟ್ಟಲೆ ಈ ಸುತ್ತಾಟ ನಡೆಯುತ್ತದೆ.

ಮೂರನೆಯದು ಬೇರ್ಪಡಿಸುವುದು. ಶಾಯಿಯ ಒಂದು ಹನಿಯನ್ನು ಒತ್ತುಕಾಗದದ ಮೇಲಿಟ್ಟು ಕಾಗದದ ತುದಿಯನ್ನು ನೀರಿನಲ್ಲಿ ಅದ್ದಿದರೆ, ನೀರು ಏರುತ್ತ ಹೋದಂತೆ ಶಾಯಿಯಲ್ಲಿರುವ ಬಣ್ಣಗಳು ಬೇರೆ ಬೇರೆಯಾಗುವುದನ್ನು ಶಾಲೆಯ ಮಕ್ಕಳೂ ಮಾಡಿ ನೋಡಬಹುದು. ವರ್ಣಲೇಖನದ ಮೂಲತತ್ತ್ವ ಇದೇ. ಸಿಲಿಕಾ ಎಂಬ ನಯವಾದ ಬಿಳಿಯ ಪುಡಿಯನ್ನು ಬಳಿದ ಗಾಜಿನ ಫಲಕದ ಮೇಲೆ ಅರಿಸಿನದ ಕಷಾಯದ ಚುಕ್ಕೆಯಿಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮೂರು ಹಳದಿಯ ಚುಕ್ಕೆಗಳು ಒಂದರ ಮೇಲೊಂದು ಕಾಣಿಸುತ್ತವೆ. ಎಲ್ಲಕ್ಕಿಂತ ಮೇಲಿರುವುದು ಕರ್ಕ್ಯುಮಿನ್.

ನಾಲ್ಕನೆಯದೇ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಈ ಚುಕ್ಕೆಗಳಲ್ಲಿ ಉತ್ಕರ್ಷಣವನ್ನು ತಡೆಯುವುದು ಯಾವುದು? ಇದಕ್ಕೆ ‘ಡಿಪಿಪಿಎಚ್’ ಎಂಬ ಗಾಢವಾದ ನೇರಿಳೆ ಬಣ್ಣದ ವಸ್ತುವಿದೆ. ಇದೂ ಜೊತೆ ತಪ್ಪಿದ ಅಣುವೇ. ಆದರೆ ಇದು ಬಾಟಲಿಯಲ್ಲಿ ಕೆಡದೆ ಉಳಿಯುವ ಸಾಧು ಸ್ವಭಾವದ್ದು. ಉತ್ಕರ್ಷಣ ನಿರೋಧಕವು ಸಿಕ್ಕಿದೊಡನೆ ಅದರಿಂದ ಜಲಜನಕವನ್ನು ಪಡೆದು ತನ್ನ ನೇರಿಳೆ ಬಣ್ಣವನ್ನು ಬಿಟ್ಟುಬಿಡುತ್ತದೆ. ಈ ಗುಣವನ್ನು ಅಳತೆಗೆ ಬಳಸಬಹುದೆಂದು 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ತೋರಿಸಿದನು. ಫಲಕದ ಮೇಲೆ ಇದನ್ನು ಸಿಂಪಡಿಸಿದರೆ ಇಡೀ ಫಲಕ ನೇರಿಳೆಯಾಗುತ್ತದೆ. ನಿರೋಧಕವಿರುವ ಕಡೆ ಮಾತ್ರ ತಿಳಿಯ ಚುಕ್ಕೆ ಮೂಡುತ್ತದೆ. ಗಿಡದ ಕಷಾಯದಲ್ಲಿ ನೂರು ವಸ್ತುಗಳಿದ್ದರೂ ಕೆಲಸ ಮಾಡುವವು ಹೀಗೆ ತಾವಾಗಿಯೇ ಕೈಯೆತ್ತಿ ನಿಲ್ಲುತ್ತವೆ. ಎಷ್ಟು ಬಣ್ಣ ಕಳೆಯಿತೆಂಬುದನ್ನು 517 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಅಳೆಯುತ್ತಾರೆ. ಅರಿಸಿನದ ಹಳದಿ 425ರ ಸುಮಾರಿನ ನೀಲಿಯ ಬೆಳಕನ್ನು ಹೆಚ್ಚಾಗಿ ಹೀರುವುದರಿಂದ ಈ ಅಳತೆಗೆ ಅಷ್ಟಾಗಿ ಅಡ್ಡ ಬರುವುದಿಲ್ಲ.

ಕಡೆಯದಾಗಿ, ಸಿಕ್ಕಿದ ವಸ್ತು ಇದೇ ಎಂದು ಸಾಕ್ಷಿ ಬೇಕು. ಅಣುವನ್ನು ತೂಗುವ ದ್ರವ್ಯರಾಶಿ ಮಾಪಕದಲ್ಲಿ ಕರ್ಕ್ಯುಮಿನ್ 368 ಎಂದು ತೂಗುತ್ತದೆ. ತಂಗಿಯರಿಬ್ಬರು 338 ಮತ್ತು 308. ವ್ಯತ್ಯಾಸ ಪ್ರತಿಸಲವೂ ಮೂವತ್ತು! ಒಂದು ಮೆಥಾಕ್ಸಿ ಗುಂಪು ಹೋಗಿ ಆ ಜಾಗದಲ್ಲಿ ಒಂದು ಜಲಜನಕ ಕುಳಿತರೆ ಕಡಿಮೆಯಾಗುವ ತೂಕ ಸರಿಯಾಗಿ ಅಷ್ಟೆ. ಹೀಗೆ ಬಣ್ಣ, ಓಟ, ತೂಕ ಮೂರೂ ಒಂದೇ ಸಾಕ್ಷಿಯನ್ನು ನುಡಿದಾಗ ಮಾತ್ರ ವಿಜ್ಞಾನಿಯು ಹೆಸರನ್ನು ಬರೆಯುತ್ತಾನೆ.

ಮೈಸೂರಿನ ಕೊಡುಗೆ

ಈ ಕೆಲಸದಲ್ಲಿ ಕನ್ನಡ ನಾಡಿನ ಪಾಲು ಚಿಕ್ಕದಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಸಂಬಾರ ಪದಾರ್ಥಗಳ ರಸಾಯನದಲ್ಲಿ ಹೆಸರುವಾಸಿಯಾದುದು. ಅಲ್ಲಿಯ ಜಯಪ್ರಕಾಶ, ಜಗನ್ಮೋಹನ ರಾವ್ ಮತ್ತು ಸಕರಿಯಾ ಅವರು ಮೂರು ಹಳದಿಗಳನ್ನೂ ಒಂದೇ ಓಟದಲ್ಲಿ ಅಳೆಯುವ ಸುಧಾರಿಸಿದ ಕ್ರಮವನ್ನು 2002ರಲ್ಲಿ ಪ್ರಕಟಿಸಿದರು. ನಾಲ್ಕು ತಳಿಗಳನ್ನು ಪರೀಕ್ಷಿಸಿದಾಗ ಕರ್ಕ್ಯುಮಿನ್ ಒಂದರಲ್ಲಿ ನೂರಕ್ಕೆ ಒಂದರಷ್ಟಿದ್ದರೆ ಮತ್ತೊಂದರಲ್ಲಿ ಐದೂವರೆಗೂ ಮಿಕ್ಕಿದ್ದಿತು. ಹೆಸರು ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಒಳಗಿನ ಸತ್ತ್ವದಲ್ಲಿ ಐದು ಪಟ್ಟು ಅಂತರ! ಇದೇ ಸಂಶೋಧಕರು 2006ರಲ್ಲಿ ಮೂರರ ಉತ್ಕರ್ಷಣ ನಿರೋಧಕ ಬಲವನ್ನು ಹೋಲಿಸಿ ನೋಡಿದರು. ಹಿರಿಯಳಾದ ಕರ್ಕ್ಯುಮಿನ್‌ಗೆ ಮೊದಲ ಸ್ಥಾನ, ಮೆಥಾಕ್ಸಿ ಗುಂಪು ಕಡಿಮೆಯಾದಂತೆ ಬಲವೂ ಕಡಿಮೆ.

ಗೃಹಿಣಿಯರಿಗೆ ಉಪಯುಕ್ತವಾದ ಇನ್ನೊಂದು ಪರೀಕ್ಷೆ ಅಲ್ಲಿಯೇ ನಡೆಯಿತು. ಅರಿಸಿನವನ್ನು ಬೇಯಿಸಿದಾಗ ಕರ್ಕ್ಯುಮಿನ್ ಎಷ್ಟು ನಷ್ಟವಾಗುತ್ತದೆ ಎಂಬುದನ್ನು ಸುರೇಶ್, ಮಂಜುನಾಥ ಮತ್ತು ಶ್ರೀನಿವಾಸನ್ ಅವರು ಅಳೆದು 2007ರಲ್ಲಿ ಪ್ರಕಟಿಸಿದರು. ಬೇಯಿಸುವ ಬಗೆಗೆ ತಕ್ಕಂತೆ ನೂರಕ್ಕೆ 27ರಿಂದ 53ರವರೆಗೆ ನಷ್ಟವುಂಟು. ಕುಕ್ಕರಿನಲ್ಲಿ ಹತ್ತು ನಿಮಿಷ ಬೇಯಿಸಿದಾಗ ಹೆಚ್ಚಿನ ನಷ್ಟ. ಆದರೆ ಹುಣಿಸೆಯ ಹುಳಿ ಜೊತೆಗಿದ್ದರೆ ನಷ್ಟ 12ರಿಂದ 30ಕ್ಕೆ ಇಳಿಯುತ್ತದೆ. ಹುಳಿಸಾರಿಗೆ ಅರಿಸಿನ ಹಾಕುವ ನಮ್ಮ ಪದ್ಧತಿಯಲ್ಲಿ ಇಷ್ಟು ಲಾಭವಿದೆಯೆಂದು ಯಾರು ಬಲ್ಲರು? ಆರತಿಯ ನೀರಿನಲ್ಲಿ ನಿಂಬೆಯ ಹುಳಿಯಿಂದ ಹಳದಿ ಮರಳುವುದೂ, ಸಾರಿನಲ್ಲಿ ಹುಣಿಸೆಯ ಹುಳಿಯಿಂದ ಹಳದಿ ಉಳಿಯುವುದೂ ಒಂದೇ ಅಣುವಿನ ಸ್ವಭಾವ.

ಸೀಸೆಯ ಮಾತು, ದೇಹದ ಮಾತು

ಇಷ್ಟನ್ನು ಓದಿದವರು ಕೂಡಲೇ ಔಷಧದ ಅಂಗಡಿಗೆ ಹೊರಡಬಹುದು. ಅವರನ್ನು ಸ್ವಲ್ಪ ತಡೆಯುವುದು ನನ್ನ ಕರ್ತವ್ಯ.

ಗಾಜಿನ ಕೊಳವೆಯಲ್ಲಿ ನೇರಿಳೆ ಬಣ್ಣವನ್ನು ಕಳೆದ ವಸ್ತು ದೇಹದಲ್ಲಿಯೂ ರೋಗವನ್ನು ಕಳೆಯುತ್ತದೆಂಬ ನಿಯಮವಿಲ್ಲ. ಮೊದಲನೆಯ ತೊಡಕು, ಅದು ದೇಹದೊಳಗೆ ಹೋಗಬೇಕಲ್ಲ! ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದನ್ನೂ ಯಕೃತ್ತು ಬೇಗನೆ ಮಾರ್ಪಡಿಸಿ ಹೊರಗಟ್ಟುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ವಿಷಯದಲ್ಲಿ ಲೋಕವೆಲ್ಲ ಉದಾಹರಿಸುವಂತಹುದು. ಎರಡು ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಕಾಣಿಸಲೇ ಇಲ್ಲವೆನ್ನುವಷ್ಟು ಕಡಿಮೆ. ಅದರೊಡನೆ ಕರಿಮೆಣಸಿನ ಸತ್ತ್ವವಾದ ಪೈಪರೀನನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನೂರಕ್ಕೆ ಮೂರರಷ್ಟು ಕರ್ಕ್ಯುಮಿನ್ ಇರುವ ಅರಿಸಿನದ ಪುಡಿಯಿಂದ ಎರಡು ಗ್ರಾಂ ಬೇಕಾದರೆ ಸುಮಾರು 67 ಗ್ರಾಂ ಪುಡಿಯನ್ನು ತಿನ್ನಬೇಕು. ನಮ್ಮ ಸಾರು ಪಲ್ಯಗಳಲ್ಲಿ ಒಬ್ಬರ ಪಾಲಿಗೆ ಬರುವುದು ಒಂದು ಗ್ರಾಂ, ಬಹಳವೆಂದರೆ ಎರಡು. ಅಡಿಗೆಯ ಅರಿಸಿನವೇ ಬೇರೆ, ಗುಳಿಗೆಯ ಕರ್ಕ್ಯುಮಿನ್ನೇ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ತೊಡಕು ಪರೀಕ್ಷೆಯದೇ. ಕರ್ಕ್ಯುಮಿನ್ ಸ್ವತಃ ಬಣ್ಣದ ವಸ್ತು, ಹೊಳೆಯುವ ವಸ್ತು, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ವಸ್ತು. ರಕ್ತದಷ್ಟೇ ಕ್ಷಾರಗುಣವುಳ್ಳ ಬರಿಯ ದ್ರಾವಣದಲ್ಲಿ ಅರ್ಧ ಗಂಟೆಯೊಳಗೆ ಅದರ ಹೆಚ್ಚಿನ ಪಾಲು ಒಡೆದುಹೋಗುತ್ತದೆ. ಆದುದರಿಂದ ಅದು ಕೆಲಸ ಮಾಡದಿದ್ದರೂ ಮಾಡಿದಂತೆ ಪರೀಕ್ಷೆಯಲ್ಲಿ ತೋರಬಹುದು. 2017ರಲ್ಲಿ ಅಮೆರಿಕೆಯ ಕೆಲವು ರಸಾಯನಶಾಸ್ತ್ರಜ್ಞರು ಸಾವಿರಾರು ಪ್ರಬಂಧಗಳನ್ನೂ ನೂರಕ್ಕೂ ಮಿಕ್ಕ ವೈದ್ಯಕೀಯ ಪರೀಕ್ಷೆಗಳನ್ನೂ ಪರಾಮರ್ಶಿಸಿ, ಕಟ್ಟುನಿಟ್ಟಾದ ಕ್ರಮದಲ್ಲಿ ಕರ್ಕ್ಯುಮಿನ್ ಗೆದ್ದ ನಿದರ್ಶನವಿಲ್ಲವೆಂದು ಬರೆದರು. ಅದನ್ನು ಒಪ್ಪದವರೂ ಉಂಟು, ಸಂಶೋಧನೆ ಮುಂದುವರಿದಿದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ‘ಉತ್ಕರ್ಷಣ ನಿರೋಧಕವೆಂದ ಮೇಲೆ ಹೆಚ್ಚು ತಿಂದರೆ ಹೆಚ್ಚು ಲಾಭ’ ಎಂಬ ನಂಬಿಕೆಯನ್ನು ಫಿನ್ಲೆಂಡ್ ದೇಶದಲ್ಲಿ ಪರೀಕ್ಷೆಗೊಡ್ಡಿದರು. 29,133 ಮಂದಿ ಧೂಮಪಾನಿ ಗಂಡಸರು ಅದರಲ್ಲಿ ಭಾಗವಹಿಸಿದ್ದರು. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟೀನಿನ ಗುಳಿಗೆ ಶ್ವಾಸಕೋಶದ ಅರ್ಬುದವನ್ನು ತಡೆಯಬಹುದೆಂದು ಎಲ್ಲರ ನಿರೀಕ್ಷೆ. 1994ರಲ್ಲಿ ಫಲಿತಾಂಶ ಹೊರಬಿದ್ದಾಗ ವೈದ್ಯಲೋಕ ಬೆಚ್ಚಿತು. ಗುಳಿಗೆ ತಿಂದವರಲ್ಲಿ ಅರ್ಬುದ ಕಡಿಮೆಯಾಗಿರಲಿಲ್ಲ. ನೂರಕ್ಕೆ 18ರಷ್ಟು ಹೆಚ್ಚಾಗಿದ್ದಿತು. ಗಜ್ಜರಿಯನ್ನು ತಿನ್ನುವುದರಿಂದ ಯಾರಿಗೂ ಕೇಡಾದುದಿಲ್ಲ. ಗಜ್ಜರಿಯೊಳಗಿನ ಒಂದನ್ನು ಮಾತ್ರ ಹಿಂಡಿ ತೆಗೆದು ಮೊತ್ತವಾಗಿ ನುಂಗುವುದು ಬೇರೆಯ ಮಾತು. ಇಟಲಿಯಲ್ಲಿ 2019ರಲ್ಲಿ ಅರಿಸಿನದ ಸತ್ತ್ವದ ಗುಳಿಗೆ ತಿಂದ ಕೆಲವರಿಗೆ ಯಕೃತ್ತಿನ ಉರಿಯೂತವಾದ ವರದಿಗಳು ಬಂದವು. ಅಮೆರಿಕೆಯ ವೈದ್ಯರೂ ಇಂತಹ ರೋಗಿಗಳನ್ನು ಕಂಡಿದ್ದಾರೆ. ರಕ್ತವನ್ನು ತೆಳುಮಾಡುವ ಔಷಧ ತಿನ್ನುವವರೂ ಪಿತ್ತಕೋಶದಲ್ಲಿ ಕಲ್ಲು ಇರುವವರೂ ವೈದ್ಯರನ್ನು ಕೇಳದೆ ಇಂತಹ ಗುಳಿಗೆಯ ತಂಟೆಗೆ ಹೋಗಬಾರದು.

ನೆಲ್ಲಿಯ ವಿಷಯವೂ ಹೀಗೆಯೇ. ಅದರ ಬಲವೆಲ್ಲ ‘ಸಿ’ ಜೀವಸತ್ತ್ವದ್ದೆಂದು ಬಹುಕಾಲ ತಿಳಿದಿದ್ದರು. ಒಗರು ಕೊಡುವ ಟ್ಯಾನಿನ್ನುಗಳಿಗೂ ಅದರಲ್ಲಿ ಪಾಲುಂಟೆಂದು ಆಮೇಲೆ ತಿಳಿದುಬಂದಿತು. ಯಾವುದರ ಪಾಲು ಎಷ್ಟೆಂಬ ಚರ್ಚೆ ಇನ್ನೂ ನಡೆದಿದೆ. ಗಿಡವೆಂಬುದು ಒಬ್ಬನೇ ಹಾಡುವ ಕಚೇರಿಯಲ್ಲ, ಭಜನೆಯ ಮೇಳ.

ಹಕ್ಕಿನ ಪ್ರಶ್ನೆ

ಅರಿಸಿನದ ಗುಣವನ್ನು ಬರೆದಿಡುವುದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಒಂದು ಘಟನೆಯನ್ನು ಹೇಳಬೇಕು. 1995ರ ಮಾರ್ಚಿ ತಿಂಗಳಲ್ಲಿ ಅಮೆರಿಕೆಯ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ಮಾಯಿಸಲು ಅರಿಸಿನವನ್ನು ಬಳಸುವ ಬಗ್ಗೆ ಏಕಸ್ವಾಮ್ಯದ ಹಕ್ಕುಪತ್ರ ದೊರೆಯಿತು! ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಲಿಯು 1996ರಲ್ಲಿ ಇದನ್ನು ಪ್ರಶ್ನಿಸಿತು. ‘ನಮ್ಮ ಅಜ್ಜಿಗೆ ಇದು ಗೊತ್ತಿತ್ತು’ ಎಂದರೆ ಕಾನೂನು ಕೇಳುವುದಿಲ್ಲ. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ ಸೇರಿದಂತೆ 32 ಲಿಖಿತ ಸಾಕ್ಷ್ಯಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಆ ಹಕ್ಕು ರದ್ದಾಯಿತು. ಬಾಯಿಮಾತಿನ ತಿಳಿವಳಿಕೆ ಬರವಣಿಗೆಗೆ ಬಾರದಿದ್ದರೆ ಕೈತಪ್ಪಿಹೋಗಬಹುದೆಂಬ ಪಾಠವನ್ನು ದೇಶ ಅಂದು ಕಲಿಯಿತು.

ಈ ಸೀಮೆಗೆ ಇಂತಹ ಕೆಲಸದ ನೆಲೆ ದೂರವೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2006ರಲ್ಲಿ ಬೆಳಗಾವಿಯಲ್ಲಿ ಪ್ರಾದೇಶಿಕ ಕೇಂದ್ರವೊಂದನ್ನು ಸ್ಥಾಪಿಸಿತು. ಇಂದು ಅದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆಂಬ ಹೆಸರಿನಿಂದ ಪಶ್ಚಿಮಘಟ್ಟಗಳ ಔಷಧಿ ಸಸ್ಯಗಳನ್ನು ಕುರಿತು ಕೆಲಸ ಮಾಡುತ್ತಿದೆ.

ಪೇಟೆಯ ಹಳದಿ

ಇನ್ನು ನಮ್ಮ ಅಡಿಗೆಯ ಮನೆಗೆ ಮರಳೋಣ. ವಿಶ್ಲೇಷಣೆಯಿಂದ ನಮಗೆ ದಿನನಿತ್ಯದ ಲಾಭವೆಂದರೆ ಕಲಬೆರಕೆಯನ್ನು ಹಿಡಿಯುವುದು. ಮಾಸಿದ ಕೊಂಬಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟನ್ನು ಬಳಿಯುವ ದುಷ್ಟಪದ್ಧತಿ ಭಾರತ ಉಪಖಂಡದಲ್ಲಿ ಹಲವೆಡೆ ಕಂಡುಬಂದಿದೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿದ್ದ ಸೀಸದ ಮೂಲವನ್ನು ಹುಡುಕುತ್ತ ಹೋದ ವಿಜ್ಞಾನಿಗಳು ಕೊನೆಗೆ ಬಂದು ನಿಂತದ್ದು ಅರಿಸಿನದ ಡಬ್ಬಿಯ ಮುಂದೆ. ಇದು ಪ್ರಕಟವಾದದ್ದು 2019ರಲ್ಲಿ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಕುಂದು ತರುವ ವಿಷ. ಮೆಟಾನಿಲ್ ಹಳದಿ ಎಂಬ ಬಟ್ಟೆಯ ಬಣ್ಣವನ್ನು ಪುಡಿಯಲ್ಲಿ ಬೆರೆಸುವವರೂ ಇದ್ದಾರೆ. ನಮ್ಮ ದೇಶದ ಆಹಾರ ಕಾನೂನಿನಂತೆ ಅರಿಸಿನದ ಪುಡಿಯಲ್ಲಿ ಹಳದಿಯ ಮೂರು ವಸ್ತುಗಳೂ ಸೇರಿ ನೂರಕ್ಕೆ ಎರಡಕ್ಕಿಂತ ಕಡಿಮೆಯಿರಕೂಡದು; ಸೀಸದ ಕ್ರೋಮೇಟ್ ಇರಲೇಕೂಡದು.

ಮನೆಯಲ್ಲಿ ಮಾಡಬಹುದಾದ ಒಂದು ಸುಲಭ ಪರೀಕ್ಷೆಯುಂಟು. ಒಂದು ಲೋಟ ನೀರಿಗೆ ಒಂದು ಚಮಚೆ ಪುಡಿಯನ್ನು ಹಾಕಿ ಕದಡದೆ ಬಿಡಿರಿ. ಒಳ್ಳೆಯ ಪುಡಿ ತಳಕ್ಕಿಳಿದು ನೀರಿಗೆ ತಿಳಿಹಳದಿಯನ್ನು ಮಾತ್ರ ಬಿಡುತ್ತದೆ. ನೀರು ಕಡುಹಳದಿಯಾಗಿ ಹರಡಿದರೆ ಸಂಶಯಪಡಬೇಕು. ಇದು ಸಂಶಯಕ್ಕೆ ದಾರಿ, ತೀರ್ಪಲ್ಲ. ತೀರ್ಪನ್ನು ಪ್ರಯೋಗಶಾಲೆಯೇ ಕೊಡಬೇಕು. ಕೊಂಬನ್ನೇ ಕೊಂಡು ತಂದು ತೊಳೆದು ಒಣಗಿಸಿ ಕುಟ್ಟಿಸುವುದು ಇನ್ನೂ ಒಳ್ಳೆಯದು. ಕಣ್ಣು ಕೋರೈಸುವ ಕೊಂಬಿಗಿಂತ ತುಸು ಮಂಕಾದ ಕೊಂಬು ಲೇಸು. ಪುಡಿಯನ್ನು ಬಿಸಿಲು ತಾಗದ ಡಬ್ಬಿಯಲ್ಲಿಡಬೇಕು. ಪಂಚೆಯ ಕಲೆಯನ್ನು ಮಾಸಿಸುವ ಬಿಸಿಲು ಡಬ್ಬಿಯ ಬಣ್ಣವನ್ನೂ ಬಿಡುವುದಿಲ್ಲ.

ಕೊಳ್ಳುವವರೆಲ್ಲರೂ ಹೊಳಪನ್ನು ಕೇಳುವವರೆಗೆ ಮಾರುವವನು ಹೊಳಪನ್ನೇ ಕೊಡುತ್ತಾನೆ. ಸತ್ತ್ವವನ್ನು ಅಳೆದು ದರ ಕಟ್ಟುವ ದಿನ ಬಂದರೆ ನಿಜವಾಗಿ ಗೆಲ್ಲುವವನು ಒಳ್ಳೆಯ ತಳಿಯನ್ನು ನೆಟ್ಟು, ಹದವರಿತು ಬೇಯಿಸಿ, ತಾಳ್ಮೆಯಿಂದ ಒಣಗಿಸಿದ ಒಕ್ಕಲಿಗ. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಬೆಳೆಸಿದ ‘ಪ್ರಭಾ’, ‘ಪ್ರತಿಭಾ’ ಎಂಬ ತಳಿಗಳಲ್ಲಿ ಕರ್ಕ್ಯುಮಿನ್ ನೂರಕ್ಕೆ ಆರಕ್ಕೂ ಮಿಗಿಲು. ಆದರೆ ಬಣ್ಣವನ್ನು ಮಾತ್ರ ನೋಡುವ ಪೇಟೆಯಲ್ಲಿ ಆ ಹೆಚ್ಚಿನ ಸತ್ತ್ವಕ್ಕೆ ಹೆಚ್ಚಿನ ಕಾಸು ಬರುವುದು ಹೇಗೆ?

ಕಣದ ಬದಿಯ ಆ ಹಿರಿಯರಿಗೆ ಈ ವಿಷಯವನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. ಅವರು ಕೊಂಬೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೇಳಿದರು. ಬಳಿಕ ಅದನ್ನು ಮುರಿದು, ಒಳಗಿನ ಕಿತ್ತಳೆ ಬಣ್ಣವನ್ನು ನನ್ನ ಕಡೆಗೆ ತಿರುಗಿಸಿ ಹೇಳಿದರು:

“ಹಂಗಾದ್ರ ಯಂತ್ರ ಬರಲಿ ಬಿಡ್ರೀ. ನಮ್ಮ ಮಾಲು ಖರೇವು ಐತಿ. ಖರೇವು ಇದ್ದಂವಗ ತೂಕಕ್ಕ ಹಚ್ಚಿದ್ರ ಅಂಜಿಕಿ ಯಾಕ?”